ಪೆಟ್ರೋಲ್ ಕುಡಿಯುವ ಕಾರಿನ ವಿಲ್ಮಾ ಬಾಯಿ

ಸೀತಾಂಗೋಳಿಯಲ್ಲಿ ಯಾರ ಕಾರಿನ ಟೈರಿಗೆ ಗಾಳಿ ಕಡಿಮೆಯಾದರೂ ವಿಲ್ಮಾ ಬಾಯಿಗೆ ಸಹಿಸಲಾಗುವುದಿಲ್ಲ. ಗುರುತು ಪರಿಚಯ ಇಲ್ಲದವರ ಕಾರನ್ನೂ ಬಗ್ಗಿ ನೋಡಿ, "ಎಂತ ಮಾರಾಯ್ರೇ, ಚಪ್ಪಟೆ ಚಕ್ರ ಇಟ್ಟುಕೊಂಡು ಪೆಟ್ರೋಲ್ ಸುಡ್ತಾ ಇದ್ದೀರಲ್ಲ?" ಎಂದು ಕೇಳಿಯೇ ಮುಂದೆ ಹೋಗುವವರು. ಅವರ ಕೈಚೀಲದಲ್ಲಿ ಜಪಸರದ ಜೊತೆ ಟೈರಿನ ಗಾಳಿ ನೋಡುವ ಪುಟ್ಟ ಮೀಟರು ಸದಾ ಇರುತ್ತದೆ. ಅಂಥವರ ಕಾರೇ ಪೆಟ್ರೋಲ್ ಕುಡಿಯಲು ಶುರು ಮಾಡಿದಾಗ ಪೇಟೆಯವರಿಗೆಲ್ಲ ನಗಲಿಕ್ಕೆ ಒಂದು ವಿಷಯ ಸಿಕ್ಕಿತು. ನನಗೆ ಮಾತ್ರ ಮೈ ಉರಿಯಿತು, ಯಾಕೆಂದರೆ ಶನಿವಾರ ಶನಿವಾರ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರುವವಳು ನಾನು.

ವಿಲ್ಮಾ ಬಾಯಿ ಡ್ರೈವಿಂಗ್ ಕಲಿತದ್ದು ಬ್ರೆಡ್ಡು ಹಂಚಲಿಕ್ಕೆ. ಗಂಡ ರುಡಾಲ್ಫ್ ಬೇಕರಿಯ ಒಲೆಯ ಮುಂದೆ ಹುಲಿ, ಸ್ಟಿಯರಿಂಗಿನ ಮುಂದೆ ಇಲಿ. ಹಾಗಾಗಿ ವ್ಯಾನು ಇವರ ಪಾಲಿಗೆ ಬಂತು. ಬೋವಿಕಾನ, ಬೆಳ್ಳೂರು ಎಂದು ಅಂಗಡಿ ಅಂಗಡಿಗೆ ಬನ್ನು, ರಸ್ಕು ಇಳಿಸುತ್ತಾ, ಲಾಭವೆಲ್ಲ ವ್ಯಾನಿನ ಟ್ಯಾಂಕಿಗೇ ಹೋಗದಂತೆ ನೋಡಿಕೊಳ್ಳುವುದನ್ನು ಕಲಿತರು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು, ಪ್ಲಗ್ ತೆಗೆದು ಉಜ್ಜುವುದು, ವಾರಕ್ಕೊಮ್ಮೆ ಗಾಳಿ. ಈಗ ಬೇಕರಿಯನ್ನು ಮಗ ರಾಯನ್ ನೋಡಿಕೊಳ್ಳುತ್ತಾನೆ. ತಾಯಿ ತಮ್ಮ ಹಳೆಯ ಬಿಳಿ ಕಾರನ್ನೂ ಶನಿವಾರಗಳನ್ನೂ ನಮ್ಮ ಪಾಲಿಯೇಟಿವ್ ಸಮಿತಿಗೆ ಬಿಟ್ಟುಕೊಟ್ಟಿದ್ದಾರೆ. ಹಾಸಿಗೆ ಹಿಡಿದವರ ಮನೆಗಳಿಗೆ ನರ್ಸನ್ನು ಕರೆದುಕೊಂಡು ಹೋಗುವ ಕೆಲಸ. ಮುಂದಿನ ಸೀಟಿನಲ್ಲಿ ನರ್ಸ್ ಸೌಮ್ಯಶ್ರೀ, ಹಿಂದೆ ಮದ್ದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು.

ಪೆಟ್ರೋಲಿನ ಖರ್ಚು ಸಮಿತಿಯದು, ತಿಂಗಳಿಗೆ ಇಷ್ಟು ಎಂದು. ಅದು ಮುಗಿದರೆ ಮುಗಿಯಿತು. ಕೈಯಿಂದ ಹಾಕುತ್ತೇನೆಂದು ವಿಲ್ಮಾ ಬಾಯಿ ಹೇಳಿ ನೋಡಿದರು, ಅಧ್ಯಕ್ಷ ಹರಿನಾರಾಯಣರು ಒಪ್ಪಲಿಲ್ಲ. ಒಬ್ಬರು ಹಾಕಿದರೆ ಹಾಕಲಾಗದ ಉಳಿದ ಡ್ರೈವರುಗಳು ಬರುವುದನ್ನೇ ಬಿಡುತ್ತಾರೆ ಎಂದು ಅವರ ವಾದ. ಅದು ಸುಳ್ಳೂ ಅಲ್ಲ.

ಮಳೆಗಾಲ ಕಳೆದ ಮೇಲೆ ತಿಂಗಳು ಮುಗಿಯುವ ಮೊದಲೇ ಟ್ಯಾಂಕಿನ ಮುಳ್ಳು ಕೆಳಗೆ ಬೀಳತೊಡಗಿತು. ಮೀಟಿಂಗಿನಲ್ಲಿ ಹರಿನಾರಾಯಣರು ಗಂಟಲು ಸರಿಮಾಡಿಕೊಂಡು, "ಬೆಳ್ಳೂರಿನ ಆ ಕೊನೆಯ ಮನೆಗೆ ಎರಡು ತಿಂಗಳಿಗೊಮ್ಮೆ ಹೋದರೆ ಸಾಕಾಗ್ಲಿಕ್ಕಿಲ್ವಾ?" ಎಂದರು.

ಕೊನೆಯ ಮನೆ ಹರಿನಾಥನದು. ಕೆಂಪುಕಲ್ಲಿನ ಲಾರಿ ಓಡಿಸುತ್ತಿದ್ದ ಗಟ್ಟಿ ಆಳು. ಲಾರಿ ಮಗುಚಿ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿದೆ. ತಿಂಗಳಿಗೊಮ್ಮೆ ಮೂತ್ರದ ಟ್ಯೂಬು ಬದಲಿಸದಿದ್ದರೆ ಜ್ವರ ಬರುತ್ತದೆ, ಜ್ವರ ಏರಿದರೆ ಆಸ್ಪತ್ರೆ. ಆ ಗುಡ್ಡಕ್ಕೆ ಬಸ್ಸಿಲ್ಲ, ಆಟೋದವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಸೌಮ್ಯಶ್ರೀ ಇದನ್ನೆಲ್ಲ ಬಿಡಿಸಿ ಹೇಳಿದಳು. ನನಗಂತೂ ಅಧ್ಯಕ್ಷರ ಮೇಲೆ ಕೆಟ್ಟ ಸಿಟ್ಟು ಬಂತು.

ವಿಲ್ಮಾ ಬಾಯಿ ಸಿಟ್ಟು ಮಾಡಲಿಲ್ಲ. "ಒಂದು ತಿಂಗಳು ಸಮಯ ಕೊಡಿ. ಕಾರಿನ ಹೊಟ್ಟೆಬಾಕತನ ನಾನು ಬಿಡಿಸ್ತೇನೆ," ಎಂದರು.

ಮರುದಿನ ಪೂಜೆ ಮುಗಿಸಿ ಚರ್ಚಿನಿಂದ ಬಂದವರೇ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕಿಳಿದರು. ನಾನೂ ಹೋದೆ. ಮೊದಲು ಏರ್ ಫಿಲ್ಟರ್ ತೆಗೆದು ಬಟ್ಟೆ ಒಗೆಯುವ ಕಲ್ಲಿಗೆ ಬಡಿದರು. ಬೆಳ್ಳೂರಿನ ಕಲ್ಲಿನ ಕೋರೆಯ ಕೆಂಪು ಧೂಳು ನನ್ನ ಮೂಗಿಗೂ ಸೀರೆಗೂ ಬಂತು. "ಇದರ ಮೂಗು ಕಟ್ಟಿದೆ, ಪಾಪ," ಎಂದು ಹೊಸ ಫಿಲ್ಟರನ್ನೇ ತರಿಸಿದರು. ಆಮೇಲೆ ಡಿಕ್ಕಿ ತೆರೆದರೆ, ಒಂದು ಬಾವಿಕಟ್ಟೆ ಕಟ್ಟುವಷ್ಟು ಕಲ್ಲು! ಏರಿನ ಮನೆಗಳಲ್ಲಿ ಚಕ್ರಕ್ಕೆ ಅಡ್ಡ ಇಡಲೆಂದು ಸೌಮ್ಯಶ್ರೀ ಸಿಕ್ಕಿದಲ್ಲೆಲ್ಲ ಒಂದೊಂದು ಹಾಕಿಕೊಂಡದ್ದು. ಎರಡನ್ನು ಉಳಿಸಿ ಮಿಕ್ಕದ್ದನ್ನು ತೆಂಗಿನ ಬುಡಕ್ಕೆ ಹೊತ್ತು ಹಾಕುವಾಗ ಅರ್ಧದಲ್ಲೇ ನನ್ನ ಸೊಂಟ ಬಿದ್ದೇಹೋಯಿತು.

"ವೆಂಕಟಲಕ್ಷ್ಮಕ್ಕಾ, ನೀವು ಕೂತ್ಕೊಳ್ಳಿ. ನಿಮ್ಮ ಬೊಬ್ಬೆ ಸಾಕು, ಕಲ್ಲು ನಾನೇ ಹೊರ್ತೇನೆ," ಎಂದರು ವಿಲ್ಮಾ ಬಾಯಿ.

ಇಷ್ಟೆಲ್ಲ ಮಾಡಿಯೂ ಕಾರು ಸ್ವಲ್ಪ ಮಟ್ಟಿಗಷ್ಟೇ ಸುಧಾರಿಸಿತು. ಕೊನೆಗೆ ವರ್ಕ್‌ಶಾಪಿನ ಅಕ್ಷಿತ್ ಕಾರನ್ನು ಜಾಕಿ ಕೊಟ್ಟು ಎತ್ತಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದ. ಚಕ್ರ ಮುಲುಗುತ್ತಾ ಅರ್ಧ ಸುತ್ತು ಹೋಗಿ ನಿಂತಿತು. "ಹ್ಯಾಂಡ್‌ಬ್ರೇಕ್ ಕೆಳಗೆ ಉಂಟು, ಆದರೂ ಒಳಗೆ ಹಿಡಿದುಕೊಂಡೇ ಉಂಟು ಬಾಯಮ್ಮ. ಇಷ್ಟು ಬಿಗಿ ಮಾಡಿದ್ದು ಯಾರು?"

ಮಾಡಿಸಿದ್ದು ಬಾಯಮ್ಮನೇ. ಮಳೆಗಾಲದಲ್ಲಿ ಒಂದು ಮನೆಯಂಗಳದಲ್ಲಿ ಕಾರು ತಾನಾಗಿ ಹಿಂದಕ್ಕೆ ಜಾರಿ ಆ ಮನೆಯವರ ಕೋಳಿಗೂಡನ್ನು ಅಪ್ಪಚ್ಚಿ ಮಾಡಿತ್ತು. ಅಲ್ಲೇ ಹತ್ತಿರ ಸಿಕ್ಕಿದ ಮೆಕ್ಯಾನಿಕ್ ಒಬ್ಬನ ಬಳಿ ನಿಂತು, "ಇನ್ನೂ ಬಿಗಿ ಮಾಡು, ಇನ್ನೂ" ಎಂದು ಮಾಡಿಸಿದ್ದರು. ಕಾರು 'ಕೀಂಯ್' ಎನ್ನಲು ಶುರುಮಾಡಿದ್ದು ಆಮೇಲೆಯೇ. ಪ್ರಾಯದ ಗಾಡಿ, ಕೀಲು ನೋಯುತ್ತದೆ ಎಂದು ನಾವೇ ತಮಾಷೆ ಮಾಡುತ್ತಿದ್ದೆವು. ವಿಲ್ಮಾ ಬಾಯಿ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಷ್ಟು ದಿನ ನನ್ನ ಹೆದರಿಕೆಗೆ ಪೆಟ್ರೋಲ್ ಹಾಕಿದ್ದಲ್ಲವಾ ನಾನು!"

ಅಕ್ಷಿತ್ ಬ್ರೇಕು ಬಿಚ್ಚಿ, ತೊಳೆದು, ಹಿಡಿಯಬೇಕಾದಷ್ಟೇ ಹಿಡಿಯುವಂತೆ ಮಾಡಿಕೊಟ್ಟ. ಆ ತಿಂಗಳ ಕೊನೆಯ ಶನಿವಾರ ಟ್ಯಾಂಕಿನಲ್ಲಿ ಬೆಳ್ಳೂರಿಗೆ ಹೋಗಿ ಬಂದೂ ಮಿಗುವಷ್ಟು ಪೆಟ್ರೋಲ್ ಇತ್ತು. ಹರಿನಾರಾಯಣರು ತಾವೇ ಬಂದು ಮುಳ್ಳು ನೋಡಿ, "ಪ್ರತಿ ತಿಂಗಳೂ ಹೋಗಿ," ಎಂದು ಒಪ್ಪಿದರು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಅದೇ ಶನಿವಾರ ಕಾರು 'ಕೀಂಯ್' ಎನ್ನದೆ ಹರಿನಾಥನ ಮನೆಯ ಗುಡ್ಡ ಏರಿತು. ಕೋರೆಯ ಮಿಷನ್ನಿನ ಗಲಾಟೆಯಲ್ಲಿ ಇಂಜಿನಿನ ಸದ್ದು ನಮಗೇ ಕೇಳುತ್ತಿರಲಿಲ್ಲ. ಗೆದ್ದ ಖುಷಿಯಲ್ಲಿ ಮೂವರೂ ನೇರ ಒಳಗೆ ನುಗ್ಗಿದೆವು.

ಹರಿನಾಥ ಬನಿಯನ್ನಿನಲ್ಲಿ ಚಪ್ಪಟೆ ಮಲಗಿದ್ದ. ಕೆದರಿದ ತಲೆ, ಹೊದಿಕೆ ಅರ್ಧ ಜಾರಿತ್ತು. ನಮ್ಮನ್ನು ಕಂಡವನೇ ಗೋಡೆಯ ಕಡೆ ಮುಖ ತಿರುಗಿಸಿದ. "ಇವತ್ತು ಬೇಡ, ಹೋಗಿ," ಎಂದ. ಹೆಂಡತಿ ರಂಜನಿ ಅಡುಗೆಮನೆಯಿಂದ ಓಡಿ ಬಂದು ಹೊದಿಕೆ ಎಳೆದಳು.

"ಬೇಜಾರು ಮಾಡ್ಬೇಡಿ ಬಾಯಮ್ಮ. ಕೆಳಗಿನ ತಿರುವಿನಲ್ಲೇ ನಿಮ್ಮ ಕಾರು ಕೀಂಯ್ ಅಂತ ಕೂಗುವುದು ಕೇಳ್ತಿತ್ತು. ಅಷ್ಟರಲ್ಲಿ ಇವರಿಗೆ ಅಂಗಿ ಹಾಕಿ, ತಲೆ ಬಾಚಿ, ದಿಂಬು ಕೊಟ್ಟು ಕೂರಿಸ್ತಿದ್ದೆ. ಇವತ್ತು ಎಂತದೂ ಕೇಳ್ಲಿಲ್ಲ."

ಪ್ರತಿ ಸಲ ಇಸ್ತ್ರಿ ಅಂಗಿಯಲ್ಲಿ ನೆಟ್ಟಗೆ ಕೂತು, ಮನೆಯ ಯಜಮಾನನಾಗಿ ನಮ್ಮನ್ನು ಬರಮಾಡಿಕೊಳ್ಳುತ್ತಿದ್ದ ಹರಿನಾಥನನ್ನು ನೋಡಿ, ಇವನು ಯಾವಾಗಲೂ ಹೀಗೆಯೇ ಇರುತ್ತಾನೆ ಎಂದುಕೊಂಡಿದ್ದೆ ನಾನು. ನನಗೆ ನಾಚಿಕೆಯಾಯಿತು.

ವಿಲ್ಮಾ ಬಾಯಿ ನಮ್ಮಿಬ್ಬರನ್ನೂ ಹೊರಗೆ ಎಳೆದುಕೊಂಡು ಬಂದರು. "ಹತ್ತಿ ಕಾರಿಗೆ."

"ಟ್ಯೂಬು ಹಾಕ್ಲಿಲ್ಲ ಬಾಯಮ್ಮ!" ಎಂದಳು ಸೌಮ್ಯಶ್ರೀ.

"ನಾವಿನ್ನೂ ಬರ್ಲೇ ಇಲ್ಲ."

ಕಾರು ತಿರುಗಿಸಿ ಕೆಳಗಿನ ತಿರುವಿನವರೆಗೂ ಇಳಿದರು. ಒಂದೊಂದು ಹನಿ ಪೆಟ್ರೋಲಿಗೂ ಜೀವ ಬಿಡುವ ಹೆಂಗಸು ಇಂಜಿನ್ ಚಾಲೂ ಇಟ್ಟೇ ಸುಮ್ಮನೆ ಕಾದರು. ಆಮೇಲೆ ಉದ್ದಕ್ಕೆ ಹಾರ್ನ್ ಹೊಡೆಯುತ್ತಾ, ಮದುವೆ ದಿಬ್ಬಣದ ಗಾಡಿಯಂತೆ, ನಿಧಾನವಾಗಿ ಮತ್ತೆ ಗುಡ್ಡ ಏರಿದರು.

ಹರಿನಾಥ ನೀಲಿ ಅಂಗಿಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಬಾಚಿದ ಕೂದಲಿನಿಂದ ನೀರು ಇಳಿಯುತ್ತಿತ್ತು.

"ಬನ್ನಿ ಬನ್ನಿ ಬಾಯಮ್ಮ," ಎಂದ. "ಈಗ ಬಂದದ್ದಾ?"

"ಹೌದು, ಈಗ ಬಂದದ್ದೇ," ಎನ್ನುತ್ತಾ ವಿಲ್ಮಾ ಬಾಯಿ ಚಪ್ಪಲಿ ಬಿಚ್ಚಿದರು. "ಹೇಗಿದ್ದೀ ಹರಿನಾಥ?"