ವಿಡಿಯೊದಲ್ಲಿ ಕಾಣುವುದು ಅಕ್ಕನ ಕೈ ಮಾತ್ರ

ಈಗಷ್ಟೇ ಬೆಳಕು ಹರಿಯುತ್ತಿದೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಒಬ್ಬ ಹೆಂಗಸು ಕಬ್ಬಿಣದ ಸ್ಟ್ಯಾಂಡಿಗೆ ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯುತ್ತಿದ್ದಾರೆ. ಬಿಸಿಲೇರಿದರೆ ಗಾಜೆಲ್ಲ ಹೊಳೆದು ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯ ಗೆರೆಗಳೇ ಕಾಣುವುದಿಲ್ಲ, ಅದಕ್ಕೇ ಈ ಅವಸರ. ಎಡಗೈ ಬ್ಯೂರೆಟ್ಟಿನ ನಲ್ಲಿಯ ಮೇಲೆ, ಬಲಗೈಯಲ್ಲಿ ಫ್ಲಾಸ್ಕ್. ಮೇಲಿನಿಂದ ಹನಿ ಬೀಳುತ್ತದೆ, ಕೆಳಗೆ ಫ್ಲಾಸ್ಕ್ ಅಲುಗುತ್ತದೆ. ಬಣ್ಣವಿಲ್ಲದ ದ್ರಾವಣ ತೆಳು ಗುಲಾಬಿಗೆ ತಿರುಗಿದ ಕೂಡಲೇ ನಲ್ಲಿ ನಿಲ್ಲುತ್ತದೆ. ಆಗ ಬ್ಯೂರೆಟ್ಟಿನಲ್ಲಿ ಕಾಣುವ ಗೆರೆಯೇ ಪ್ರಯೋಗದ ಅಳತೆ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಮೊಣಕಾಲು ನೀವಿಕೊಳ್ಳುತ್ತಾರೆ.

ಇವರು ಇಲ್ಲಿನ ಸಹಾಯಕಿ, ವಿದ್ಯಾರ್ಥಿಗಳ ಬಾಯಲ್ಲಿ ‘ಲ್ಯಾಬ್ ಅಕ್ಕ’. ಪದವಿಯ ಮೊದಲ ವರ್ಷದವರು ಪ್ರಯೋಗಕ್ಕೆ ಬರುವ ಮುನ್ನ ಕಾಲೇಜಿನ ಆನ್‌ಲೈನ್ ತಾಣದಲ್ಲಿ ನೋಡಿಕೊಂಡು ಬರುವ ವಿಡಿಯೊಗಳಲ್ಲೆಲ್ಲ ಇರುವುದು ಇವರ ಕೈ. ದನಿ ಪಾಠ ಮಾಡುವ ಮೇಡಂ ಅವರದು, ಹೆಸರು ವಿಭಾಗದ್ದು. ಮೊಣಕಾಲು ನೋವು ಮಾತ್ರ ಇವರದೇ.

“ಮುಖ ಕಾಣಲ್ವಲ್ಲ, ಪೌಡರ್ ಖರ್ಚು ಉಳೀತು ಬಿಡಿ,” ಎಂದು ನಗುತ್ತಾರೆ. ಆ ನಗುವೂ ದಣಿದಿದೆ.

ಗಾಜು ತೊಳೆಯಲೆಂದು ಸೇರಿದವರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅವರ ಮೈ ಒರೆಸಿ, ಬಟ್ಟೆ ಬದಲಿಸಿ ಮೊದಲ ಬಸ್ಸು ಹಿಡಿಯಬೇಕು. ಇಲ್ಲಿ ದಿನಕ್ಕೆ ಮೂರು ತಂಡ, ತಂಡ ತಂಡಕ್ಕೂ ದ್ರಾವಣ ಕಲಸುವುದು, ತೊಳೆಯುವುದು, ಜೋಡಿಸುವುದು. ವಿಡಿಯೊ ಬಂದರೆ ಕೆಲಸ ಹಗುರಾಗುತ್ತದೆ ಎಂದು ಮೇಡಂ ಹೇಳಿದ್ದರಂತೆ. ಮೊದಮೊದಲು ಅನುಕೂಲವೂ ಆಯಿತು. ಪಿಪೆಟ್ ಯಾವುದು, ಬ್ಯೂರೆಟ್ ಯಾವುದು ಎಂದು ಪಿಳಿಪಿಳಿ ಕಣ್ಣು ಬಿಡುವವರು ಕಡಿಮೆಯಾದರು.

“ಆಮೇಲೊಂದಿನ ಒಬ್ಳು ನಲ್ಲಿ ನಿಲ್ಲಿಸ್ಬಿಟ್ಟು ಸುಮ್ನೆ ನಿಂತಿದ್ಲು. ಫ್ಲಾಸ್ಕ್ ನೋಡಿದ್ರೆ ನೀರಿನ ಹಾಗೇ ಇದೆ, ಬಣ್ಣಾನೇ ಬಂದಿಲ್ಲ. ‘ಯಾಕಮ್ಮಾ ನಿಲ್ಲಿಸ್ದೆ?’ ಅಂದೆ. ‘ವಿಡಿಯೊದಲ್ಲಿ ನೀವು ಇದೇ ಗೆರೆಗೆ ನಿಲ್ಲಿಸಿದ್ರಲ್ಲ ಅಕ್ಕ’ ಅಂದ್ಲು! ಅಳೋದೋ ನಗೋದೋ? ಪಕ್ಕದ ಮೇಜು ನೋಡ್ತೀನಿ, ಅಲ್ಲೂ ಅದೇ ಗೆರೆ.”

ಅಂದಿನಿಂದ ಅಕ್ಕ ಒಂದೊಂದು ತಂಡಕ್ಕೂ ಬೇರೆ ಬೇರೆ ಸಾಂದ್ರತೆಯ ದ್ರಾವಣ ಕಲಸುತ್ತಾರೆ, ವಿಡಿಯೊದ ಅಳತೆ ಯಾರಿಗೂ ಹೊಂದಬಾರದೆಂದು. ಹಗುರಾಗಬೇಕಿದ್ದ ಕೆಲಸ ಇಮ್ಮಡಿಯಾಗಿದೆ.

ಈಗ ಅದಕ್ಕಿಂತ ದೊಡ್ಡ ಚಿಂತೆ. ವಿಡಿಯೊ ಇಷ್ಟು ಚೆನ್ನಾಗಿರುವಾಗ ವಾರವಾರ ಪ್ರಯೋಗವೇಕೆ, ತಿಂಗಳಿಗೊಮ್ಮೆ ಸಾಕಲ್ಲ ಎಂದು ಪ್ರಾಂಶುಪಾಲರು ಕೇಳಿದ್ದಾರೆ. ಮುಂದಿನ ವಾರ ತೀರ್ಮಾನ.

“ನನ್ನ ಕೈಯಾರೆ ನಾನೇ ಲ್ಯಾಬಿಗೆ ಬೀಗ ಹಾಕ್ದಂಗಾಯ್ತು. ನನ್ನನ್ನ ಬೇರೆ ಎಲ್ಲಿಗಾದ್ರೂ ಹಾಕ್ತಾರೆ, ಅದಲ್ಲ. ಒಂದು ಹನಿ ಹೆಚ್ಚು ಬಿಟ್ಟು ಕೆಡಿಸ್ಕೊಳ್ದೆ ಈ ಮಕ್ಳು ಹೇಗೆ ಕಲೀತಾರೆ ಹೇಳಿ?”

ಅದಕ್ಕೇ ಇಂದು ಇನ್ನೊಂದು ವಿಡಿಯೊ ಮಾಡುತ್ತಿದ್ದಾರೆ. ಮೇಡಂ ಒಪ್ಪಿದ್ದಾರೆ, ಪ್ರಾಂಶುಪಾಲರಿಗೂ ಇದನ್ನೇ ತೋರಿಸುತ್ತಾರಂತೆ. ಅಕ್ಕ ಸ್ಟೂಲಿನಿಂದ ಮೆಲ್ಲಗೆ ಏಳುತ್ತಾರೆ. ಈ ಸಲ ಬೇಕೆಂದೇ ನಲ್ಲಿ ತಡವಾಗಿ ನಿಲ್ಲಿಸುತ್ತಾರೆ. ದ್ರಾವಣ ಕಡು ಗುಲಾಬಿಯಾಗಿ ಕೆಡುತ್ತದೆ. ಅದನ್ನು ಚೆಲ್ಲಿ, ಮೊಬೈಲಿನತ್ತ ಬಾಗಿ, ಮೊದಲ ಬಾರಿಗೆ ತಮ್ಮದೇ ದನಿಯಲ್ಲಿ ಹೇಳುತ್ತಾರೆ:

“ನೋಡಿದ್ರಲ್ಲ, ನನ್ನ ಕೈಲೂ ಕೆಟ್ಟೋಯ್ತು. ಬರೀ ನೋಡಿದ್ರೆ ಬರೋ ವಿದ್ಯೆ ಅಲ್ಲ ಇದು. ಬನ್ನಿ, ಮೇಜು ಒರೆಸಿಟ್ಟಿರ್ತೀನಿ.”