ಮೂವತ್ತು ಸಾವಿರದ ಮೂವತ್ತೊಂದು

ಅಚ್ಚುಕೂಟದಲ್ಲಿ ಎಲ್ಲರೂ ಅವಳನ್ನು ಪ್ರೂಫಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಕರಡು ತಿದ್ದಿದವಳು. ಅಕ್ಷರ ತಪ್ಪಿದರೆ ಅರ್ಥ ಕೆಟ್ಟು ತಾನೇ ಸಿಕ್ಕಿಬೀಳುತ್ತದೆ, ಅಂಕಿ ತಪ್ಪಿದರೆ ಸದ್ದಿಲ್ಲದೆ ನುಸುಳುತ್ತದೆ ಎಂಬುದು ಅವಳ ಅನುಭವ. ಹಾಗಾಗಿ ಲೆಕ್ಕ ಬಂದರೆ ಬರೀ ಓದುತ್ತಿರಲಿಲ್ಲ, ಕರಡಿನ ಬೆನ್ನಿಗೆ ತಾನೇ ಮಾಡಿ ನೋಡುತ್ತಿದ್ದಳು.

ಪ್ರೊಫೆಸರ್ ಎಂಬ ದೊಡ್ಡ ಮನುಷ್ಯರ ಗಣಿತ ಪುಸ್ತಕ ಬಂದಾಗಲೂ ಹಾಗೇ ಮಾಡಿದಳು. ಎರಡು, ಮೂರು, ಐದು, ಏಳು ಹೀಗೆ ಅವಿಭಾಜ್ಯ ಸಂಖ್ಯೆಗಳನ್ನು ಸಾಲಾಗಿ ಗುಣಿಸಿ ಒಂದು ಕೂಡಿಸಿದರೆ ಬರುವುದನ್ನೂ ಬೇರೆ ಯಾವ ಸಂಖ್ಯೆಯೂ ಭಾಗಿಸಲಾರದು ಎಂದು ಮಹಾಶಯರು ಬರೆದಿದ್ದರು. ಏಳು, ಮೂವತ್ತೊಂದು, ಇನ್ನೂರ ಹನ್ನೊಂದು, ಎರಡು ಸಾವಿರದ ಮುನ್ನೂರ ಹನ್ನೊಂದು, ಅಲ್ಲಿಯವರೆಗೆ ಸರಿ. ಹದಿಮೂರರವರೆಗೆ ಗುಣಿಸಿದಾಗ ಬಂದ ೩೦,೦೩೧ರ ಮುಂದೆಯೂ ಅದೇ ಮಾತು. ಊಟದ ಬಿಡುವಿನಲ್ಲಿ ಪ್ರೂಫಕ್ಕ ಹದಿನೇಳರಿಂದ ಶುರುಮಾಡಿ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಹೋದಳು. ಹನ್ನೊಂದನೆಯ ಸಲ, ಐವತ್ತೊಂಬತ್ತರಿಂದ ಭಾಗಿಸಿದಾಗ ಶೇಷ ಸೊನ್ನೆ. ಅದನ್ನೇ ಅಂಚಿನಲ್ಲಿ ಬರೆದಳು. ಪ್ರೊಫೆಸರ್ ಅದರ ಮೇಲೆ ಗೀಟು ಎಳೆದು, ಪ್ರೂಫ್ ನೋಡುವವರು ಕಾಗುಣಿತ ನೋಡಿಕೊಂಡರೆ ಸಾಕು ಎಂದು ಬರೆದು ಕಳಿಸಿದರು. ಲೇಖಕರ ಮಾತೇ ಕೊನೆ ಎಂಬುದು ಅಚ್ಚುಕೂಟದ ನಿಯಮ. ಮೈ ಉರಿದರೂ ಪುಟವನ್ನು ಹಾಗೇ ಅಚ್ಚಿಗೆ ಬಿಟ್ಟು, ಆ ಕರಡನ್ನು ಎತ್ತಿಟ್ಟುಕೊಂಡಳು.

ಪುಸ್ತಕ ಹೊರಬಿದ್ದ ಮೂರು ತಿಂಗಳಿಗೆ ಯಾವುದೋ ಶಾಲೆಯ ಮಕ್ಕಳು ಅದೇ ತಪ್ಪು ಹಿಡಿದು ಪತ್ರ ಬರೆದರು. ಆಗ ನೋಡಿ, ಪ್ರೊಫೆಸರರಿಗೆ ಅದು ಅಚ್ಚಿನ ದೋಷವಾಗಿ ಕಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಯಜಮಾನರು ಅವಳನ್ನು ಒಳಗೆ ಕರೆದು, ಪುಸ್ತಕದೊಳಗೆ ತಿದ್ದುಪಡಿ ಚೀಟಿ ಅಂಟಿಸುವ ವಿಷಯ ತೆಗೆದರು.

"ಅಚ್ಚಿನ ತಪ್ಪು ಅಂತ ಹಾಕೋಣಮ್ಮ. ನಿಮ್ಮ ಹೆಸರೇನೂ ಬರಲ್ಲ."

"ತಪ್ಪು ನೋಡೋಕೆ ಅಂತ ಇಲ್ಲಿರೋದು ನಾನೊಬ್ಬಳೇ ಅಲ್ವಾ ಯಜಮಾನ್ರೇ? ಹೆಸರು ಬೇರೆ ಬರೀಬೇಕಾ?"

ಪ್ರೊಫೆಸರರ ಕೈಬರಹವಿದ್ದ ಹಳೆಯ ಕರಡನ್ನು ತಂದು ಯಜಮಾನರ ಮುಂದಿಟ್ಟಳು. ಅವರು ಓದಿದರು, ಪಕ್ಕಕ್ಕೆ ಸರಿಸಿದರು, ಮುಂದಿನ ವರ್ಷದ ಪುಸ್ತಕಗಳೂ ಪ್ರೊಫೆಸರರದೇ ಎಂದು ಗೊಣಗಿದರು. ಅವಳಿಗೆ ಪ್ರೊಫೆಸರರಿಗಿಂತ ಇವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ಗೊತ್ತಿಲ್ಲದವರನ್ನು ಕ್ಷಮಿಸಬಹುದು, ಗೊತ್ತಿದ್ದೂ ಕಣ್ಣು ಮುಚ್ಚಿಕೊಳ್ಳುವವರನ್ನು ಏನು ಮಾಡುವುದು? ಇಷ್ಟು ವರ್ಷ ದುಡಿದು ಅವಳು ಸಂಪಾದಿಸಿದ್ದು ಅಂದರೆ, ಅವಳ ಕೈ ದಾಟಿದ್ದು ಸರಿಯಿರುತ್ತದೆ ಎಂಬ ಒಂದೇ ಒಂದು ಮಾತು. ಅದಕ್ಕೂ ಮಸಿ ಬಳಿಯಲು ಹೊರಟಿದ್ದರು.

ಮರುದಿನ ಆ ಚೀಟಿಯ ಕರಡು ಎಂದಿನಂತೆ ಅವಳ ಮೇಜಿಗೇ ಬಂತು. ಅವಳಿಗೆ ಬೇಡ, ಬೇರೆ ಯಾರಿಗಾದರೂ ಕೊಡೋಣ ಎಂದು ಯಾರಿಗೂ ಹೊಳೆದಿರಲಿಲ್ಲ. ೩೦,೦೩೧ ಅವಿಭಾಜ್ಯ ಎಂದಿರುವುದು ಅಚ್ಚಿನ ತಪ್ಪು, ಅದು ೫೯ ಮತ್ತು ೫೦೯ರ ಗುಣಲಬ್ಧ ಎಂದಿತ್ತು. ಮೊದಲು ಅವೆರಡನ್ನೂ ಗುಣಿಸಿ ನೋಡಿದಳು. ಸರಿಯಿತ್ತು. ಆಮೇಲೆ 'ಅಚ್ಚಿನ' ಎಂಬುದನ್ನು ಹೊಡೆದುಹಾಕಿ, 'ಲೇಖಕರ' ಎಂದು ಬರೆದು, ಸಹಿ ಮಾಡಿ, ಅಚ್ಚುಮೊಳೆ ಜೋಡಿಸುವವನಿಗೆ ತಾನೇ ಒಯ್ದು ಕೊಟ್ಟಳು.

ಅವನು ಓದಿ ಹುಬ್ಬೇರಿಸಿದ. "ಅಕ್ಕಾ, ಯಜಮಾನ್ರು ನೋಡಿದಾರಾ?"

"ನಾನು ನೋಡಿದೀನಿ. ಮೊಳೆ ಬದಲಾಯಿಸು."

ಅವಳ ಕೆಲಸ ಹೋದದ್ದು ನಾಲ್ಕು ದಿನ ಬಿಟ್ಟು. ಅಷ್ಟರಲ್ಲಿ ಎಂಟು ಸಾವಿರ ಚೀಟಿ ಶಾಲೆಗಳನ್ನು ಮುಟ್ಟಿದ್ದವು.