ಕುಡಿಯದವರ ಲಿವರ್
ಹಾರೂಗೇರಿ ಸುತ್ತ ರಕ್ತ ಕೇಳುತ್ತ ಮನೆಮನೆ ತಿರುಗುವವನು ಸಮಾಧಾನ ಒಬ್ಬನೇ. ಕುಡಿಯದವರ ಲಿವರಿನಲ್ಲೂ ಕೊಬ್ಬು ಏಕೆ ತುಂಬುತ್ತದೆ, ಅದು ವಂಶವಾಹಿಯಲ್ಲೇ ಬರುತ್ತದೆಯೇ ಎಂದು ಹುಡುಕುವ ಡಾಕ್ಟರರಿಗೆ ಅವನು ಆ ರಕ್ತ ಮುಟ್ಟಿಸುತ್ತಾನೆ. ಮದುವೆಯೂಟಕ್ಕೆ ಕೂತರೂ ಅವನ ಕಣ್ಣು ಬೀಗರ ಹೊಟ್ಟೆಯ ಮೇಲೆ. ಅಪ್ಪನದನ್ನೂ ಮಗನದನ್ನೂ ಹೋಲಿಸಿ, "ಹೊಟ್ಟಿಗೂ ಮನೆತಾನ ಇರ್ತೈತ್ರಿ" ಎನ್ನುತ್ತಾನೆ. ಸಕ್ಕರೆ ಕಡಿಮೆ ಮಾಡಿರೆಂದು ಉಪದೇಶಿಸುತ್ತಲೇ ಪಾಕದಂಥ ಚಹಾ ಬಸಿಗೆ ಸುರಿದುಕೊಂಡು ಹೀರುತ್ತಾನೆ. ಕಬ್ಬಿನ ಸೀಮೆಯಲ್ಲಿ ಚಹಾ ಒಲ್ಲೆನೆಂದವನಿಗೆ ರಕ್ತ ಕೊಡುವವರು ಯಾರು? ಲಿವರ್ ಎಂದ ಕೂಡಲೇ ಮನೆಯ ಮುದುಕಿ ಸಿಡಿಯುತ್ತಾಳೆ: "ನಮ್ಮ ಮನ್ಯಾಗ ಯಾರೂ ಕುಡ್ಯೂದಿಲ್ಲಪಾ!" "ಅದಕ್ಕ ಬಂದೇನ್ರಿ ಆಯಿ" ಎಂದು ಸಮಾಧಾನ ಸೂಜಿ ತೆಗೆಯುತ್ತಾನೆ. ಈ ಕೆಲಸಕ್ಕೆ ಅವನು ಮೊದಲು ಕೊಟ್ಟದ್ದು ತನ್ನದೇ ರಕ್ತ. ಅವನಪ್ಪ ತುಳಸಿಮಾಲೆಯ ವಾರಕರಿ, ವರ್ಷವೂ ಪಂಢರಪುರಕ್ಕೆ ನಡೆದವನು, ಸೆರೆ ಮೂಸಿದವನಲ್ಲ. ಲಿವರ್ ಕೆಟ್ಟು ಸತ್ತಾಗ ಊರು "ಕದ್ದು ಕುಡೀತಿದ್ದ" ಎಂದಿತು. ಪಂಢರಪುರಕ್ಕೆ ಭಜನೆ ಹಾಡುತ್ತ ಜೊತೆಗೆ ನಡೆದ ದಿಂಡಿಯವರು ಹೆಣದ ಮುಂದೆ ತಾಳ ಬಡಿಯಲಿಲ್ಲ. ಫಲಿತಾಂಶ ಬಂದರೆ ಊರಿಗೆಲ್ಲ ಸಾರುತ್ತೀಯೇನೋ ಎಂದು ಡಾಕ್ಟರರೊಮ್ಮೆ ನಕ್ಕರು. "ಊರಿಗ್ಯಾಕ್ರಿ ಸಾಹೇಬ್ರ," ಎಂದ ಸಮಾಧಾನ, ರಕ್ತದ ಬಾಟಲಿಗಳನ್ನು ಮಂಜುಗಡ್ಡೆಯ ಡಬ್ಬಿಗೆ ಜೋಡಿಸುತ್ತ, "ನಮ್ಮವ್ವಗ ಹೇಳಿದ್ರ ಸಾಕು. ಆಕಿಗೂ ಒಂಚೂರು ಸಂಶೇ ಐತಿ."